ಸ್ಟುಡಿಯೋ ಡ್ರಮ್ಮರ್ ಒಬ್ಬರ ವೃತ್ತಿಜೀವನವನ್ನು ಕಿವಿಯಿಂದ ಓದುವ ಬಗೆ

ಮೈಸೂರಿನ ಒಂಟಿಕೊಪ್ಪಲಿನ ಗಣೇಶೋತ್ಸವದ ಪೆಂಡಾಲಿನಲ್ಲಿ, ಕಛೇರಿಯ ನಡುವೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದೊಡನೆ ಕಾಫಿಗೆಂದು ಎದ್ದು ಹೋಗುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿಯವರೆಗೆ ಇನ್ನೊಬ್ಬರ ಹಾಡನ್ನು ಹೊತ್ತು ನಡೆಸಿದ ಮೃದಂಗದವರು ಆಗಷ್ಟೇ ತಮ್ಮ ಮಾತನ್ನು ಆಡತೊಡಗಿರುತ್ತಾರೆ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಸ್ಟುಡಿಯೋಗಳಲ್ಲಿ ಹಗಲಿರುಳು ದುಡಿದ ಜಾಝ್ ಡ್ರಮ್ಮರ್‌ಗಳಿಗೆ ಎಷ್ಟೋ ಸಲ ಆ ತನಿಯೂ ಸಿಗುತ್ತಿರಲಿಲ್ಲ. ಅಂಥವರ ಬದುಕು ಜೀವನಚರಿತ್ರೆಗಳಿಗಿಂತ ಧ್ವನಿಮುದ್ರಣಗಳಲ್ಲೇ ಹೆಚ್ಚು ಉಳಿದಿದೆ. ಕರ್ನಾಟಕ ಸಂಗೀತದ ಲಯದಲ್ಲಿ ಬೆಳೆದ ಕಿವಿ ಅದನ್ನು ಓದಲು ಆಗಲೇ ಅರ್ಧ ಸಿದ್ಧವಾಗಿರುತ್ತದೆ ಎಂಬುದು ನನ್ನ ಅನುಭವ.

ಮೊದಲಿಗೆ ಒಬ್ಬರೇ ವಾದಕರನ್ನು ಆರಿಸಿಕೊಳ್ಳಿ. ನಾನು ಸೂಚಿಸುವ ಹೆಸರು ಜಾಝ್ ಡ್ರಮ್ಮರ್ ಶೆಲ್ಲಿ ಮ್ಯಾನ್. 1920ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡ ಇವರ ತಂದೆಯೂ ತಾಳವಾದ್ಯದವರೇ. ದೊಡ್ಡ ಬ್ಯಾಂಡು, ಮೂವರ ಚಿಕ್ಕ ಮೇಳ, ಸಿನಿಮಾ, ಟೆಲಿವಿಷನ್ ಎಲ್ಲದರಲ್ಲೂ ನುಡಿಸಿದವರಾದ್ದರಿಂದ ಇವರೊಬ್ಬರ ಹಾದಿ ಹಿಡಿದರೆ ಆ ಕಾಲದ ಕಸುಬು ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಧ್ವನಿಮುದ್ರಣಕ್ಕೂ ಅದು ನಡೆದ ದಿನ, ಊರು, ಮೇಳದ ಮುಖ್ಯಸ್ಥರು, ಜೊತೆಯವರು, ಕೊನೆಯಲ್ಲಿ ನಿಮ್ಮ ಕಿವಿಗೆ ಬಿದ್ದದ್ದು, ಇಷ್ಟನ್ನು ಬರೆಯಿರಿ. ಇಲ್ಲಿ ಬರೆಯಬೇಕಾದದ್ದು ಧ್ವನಿಮುದ್ರಣದ ದಿನವೇ ಹೊರತು ಬಿಡುಗಡೆಯ ವರ್ಷವಲ್ಲ. ನಾನು ಮೊದಲ ಸಲ ಪಟ್ಟಿ ಮಾಡಿದಾಗ ಮೊಬೈಲಿನ ಆ್ಯಪ್ ತೋರಿಸಿದ ಮರುಮುದ್ರಣದ ಇಸವಿಗಳನ್ನೇ ನಂಬಿದ್ದರಿಂದ, ಅವರ ಯೌವನದ ನುಡಿಸಾಣಿಕೆ ಮುಪ್ಪಿನದರ ನಂತರ ಬಂದು ಕುಳಿತಿತ್ತು. ಇಡೀ ಪುಸ್ತಕವನ್ನು ಹರಿದು ಹೊಸದಾಗಿ ಬರೆಯಬೇಕಾಯಿತು.

ಇನ್ನು ಕಿವಿಯ ತಯಾರಿ. ಹೆಡ್‌ಫೋನ್ ಹಾಕಿಕೊಂಡು ಒಂದೇ ಹಾಡನ್ನು ನಾಲ್ಕು ಸಲ ಕೇಳಿ. ಒಂದು ಸಲ ಬಲಗೈಯ ದೊಡ್ಡ ಸಿಂಬಲ್ ಮಾತ್ರ, ಇನ್ನೊಂದು ಸಲ ಎಡಗಾಲಿನ ಜೋಡಿ ತಾಳ, ಮತ್ತೊಂದು ಸಲ ಸ್ನೇರ್ ಎಂಬ ಚಿಕ್ಕ ಡ್ರಮ್, ಕೊನೆಗೆ ಬಲಗಾಲಿನ ದೊಡ್ಡ ಡ್ರಮ್. ಸಿಂಬಲ್ಲಿನ ನಡೆ ತಿಶ್ರಕ್ಕೆ, ಅಂದರೆ ಮೂರರ ನಡೆಗೆ, ಹತ್ತಿರದ್ದು. ಪ್ರತಿ ಎಣಿಕೆಯನ್ನೂ ‘ತಕಿಟ’ ಎಂದು ಮೂರಾಗಿ ಒಡೆದು, ಒಂದು ಮತ್ತು ಮೂರನೆಯ ಎಣಿಕೆಯಲ್ಲಿ ‘ತ’ ಮಾತ್ರ, ಎರಡು ಮತ್ತು ನಾಲ್ಕನೆಯದರಲ್ಲಿ ‘ತ’ ಮತ್ತು ‘ಟ’ ಎರಡನ್ನೂ ತೊಡೆಯ ಮೇಲೆ ತಟ್ಟಿದರೆ ಜಾಝ್‌ನ ಮೂಲ ನಡೆ ಕೈಗೆ ಬರುತ್ತದೆ. ವೇಗ ಏರಿದಂತೆಲ್ಲ ಆ ತಿಶ್ರ ಸಡಿಲಗೊಂಡು ಚತುರಶ್ರದ, ಅಂದರೆ ನಾಲ್ಕರ ನಡೆಯ, ಕಡೆಗೆ ವಾಲುತ್ತದೆ. ಎಡಗಾಲಿನ ತಾಳ ಸಾಮಾನ್ಯವಾಗಿ ಎರಡು ಮತ್ತು ನಾಲ್ಕಕ್ಕೆ ಮುಚ್ಚುತ್ತದೆ. ಆ ಕಾಲದ ಅನೇಕ ಹಾಡುಗಳ ಒಂದು ಸುತ್ತು 32 ಬಾರ್‌ಗಳದ್ದು; ಬಾರ್ ಒಂದಕ್ಕೆ ನಾಲ್ಕು ಎಣಿಕೆ, ಅಂದರೆ ಒಟ್ಟು 128 ಎಣಿಕೆ. ಎಣಿಕೆಗೊಂದು ಅಕ್ಷರದಂತೆ ಎಂಟು ಅಕ್ಷರಗಳ ಆದಿತಾಳ ಹಾಕಿದರೆ ಸರಿಯಾಗಿ 16 ಆವರ್ತನಗಳು. ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳಲ್ಲಿ ಒಂದೊಂದಕ್ಕೂ ನಾಲ್ಕು ಆವರ್ತನ. ತಾಳ ಹಾಕುತ್ತ ಕೇಳಿದರೆ, ಒಂದು ಭಾಗ ಮುಗಿಯುವ ಮುನ್ನ ಡ್ರಮ್ಮರ್ ಕೊಡುವ ಪುಟ್ಟ ಸೂಚನೆ, ಪಲ್ಲವಿಗೆ ಮರಳುವ ಮುಂಚಿನ ಮುಕ್ತಾಯದಂತೆ, ತಾನಾಗಿಯೇ ತಿಳಿಯುತ್ತದೆ.

ಈಗ ಕಾಲಾನುಕ್ರಮದಲ್ಲಿ ಕೇಳಲು ತೊಡಗಿ. 1943ರ ಡಿಸೆಂಬರಿನಲ್ಲಿ ಸ್ಯಾಕ್ಸೋಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ಅವರೊಂದಿಗೆ ಮುದ್ರಿಸಿದ ‘ದ ಮ್ಯಾನ್ ಐ ಲವ್’ನಿಂದ ಆರಂಭಿಸಬಹುದು. ಇದನ್ನು ಮುದ್ರಿಸಿದ್ದು ಒಂದು ಸಣ್ಣ ಕಂಪನಿ, ಅದಕ್ಕೆ ಕಾರಣವಿದೆ. 1942ರ ಆಗಸ್ಟಿನಿಂದ ಅಮೆರಿಕದ ಸಂಗೀತಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು. ಸಣ್ಣ ಕಂಪನಿಗಳು ಬೇಗ ಒಪ್ಪಂದಕ್ಕೆ ಬಂದವು, ಎರಡು ದೊಡ್ಡ ಕಂಪನಿಗಳು 1944ರ ನವೆಂಬರಿನವರೆಗೂ ಬಗ್ಗಲಿಲ್ಲ. ಆದ್ದರಿಂದ ಯಾವ ವಾದಕರ ಪಟ್ಟಿಯಲ್ಲೇ ಆಗಲಿ ಆ ವರ್ಷಗಳು ಖಾಲಿ ಕಂಡರೆ ಅವರಿಗೆ ಕೆಲಸವಿರಲಿಲ್ಲವೆಂದು ತೀರ್ಮಾನಿಸಬೇಡಿ. 1948ರ ಎರಡನೆಯ ಬಹಿಷ್ಕಾರಕ್ಕೂ ಈ ಮಾತು ಸಲ್ಲುತ್ತದೆ.

ಸ್ಟಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಿನ ದಿನಗಳನ್ನು ಒಂದೆರಡು ಹಾಡುಗಳಲ್ಲಿ ದಾಟಿ, ಮ್ಯಾನ್ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲಿನ 1950ರ ದಶಕದಲ್ಲಿ ನಿಧಾನಿಸಿ. 1954ರಲ್ಲಿ ಟ್ರಂಪೆಟ್ ವಾದಕ ಶಾರ್ಟಿ ರೋಜರ್ಸ್ ಮತ್ತು ಸ್ಯಾಕ್ಸೋಫೋನ್, ಕ್ಲಾರಿನೆಟ್ ವಾದಕ ಜಿಮ್ಮಿ ಜಫ್ರಿ ಅವರೊಂದಿಗೆ ಮುದ್ರಿಸಿದ ‘ದ ತ್ರೀ’ಯಲ್ಲಿ ಪಿಯಾನೋ ಇಲ್ಲ, ಬಾಸ್ ಕೂಡ ಇಲ್ಲ, ಡ್ರಮ್ ಅಲ್ಲಿ ಮೂರನೆಯ ದನಿಯಾಗಿ ಮಾತನಾಡುತ್ತದೆ. 1956ರಲ್ಲಿ ಪಿಯಾನೋ ವಾದಕ ಆಂದ್ರೆ ಪ್ರೆವಿನ್ ಮತ್ತು ಬಾಸ್ ವಾದಕ ಲೆರಾಯ್ ವಿನೆಗರ್ ಅವರೊಂದಿಗೆ ‘ಮೈ ಫೇರ್ ಲೇಡಿ’ ನಾಟಕದ ಹಾಡುಗಳನ್ನು ಮುದ್ರಿಸಿದರು; ಆ ಗಾನತಟ್ಟೆ ಬಹಳ ಜನಪ್ರಿಯವಾಯಿತು.

ಒಂದೇ ತಟ್ಟೆಗೆ ಸಮಯವಿದೆ ಎನ್ನುವವರು 1957ರ ಮಾರ್ಚ್ 7ರ ‘ವೇ ಔಟ್ ವೆಸ್ಟ್’ ಕೇಳಲಿ. ಸ್ಯಾಕ್ಸೋಫೋನಿಗೆ ಸಾನಿ ರಾಲಿನ್ಸ್, ಬಾಸ್‌ಗೆ ರೇ ಬ್ರೌನ್, ಡ್ರಮ್ಸ್‌ಗೆ ಮ್ಯಾನ್. ಮೂವರಿಗೂ ಬೇರೆ ಬೇರೆ ಕೆಲಸಗಳಿದ್ದುದರಿಂದ ಮುದ್ರಣ ಬೆಳಗಿನ ಜಾವ 3 ಗಂಟೆಗೆ ಶುರುವಾಯಿತು. ಸ್ಟುಡಿಯೋ ಕಸುಬು ಎಂದರೇನು ಎಂಬುದನ್ನು ಈ ಒಂದು ವಿವರ ಹೇಳುತ್ತದೆ. ಮೊದಲ ಹಾಡು ಮರದ ತುಂಡಿನ ಮೇಲಿನ ಟಕ್ ಟಕ್ ಸದ್ದಿನಿಂದ, ಕುದುರೆಯ ಗೊರಸಿನ ನಡೆಯಿಂದ ತೆರೆಯುತ್ತದೆ. ಅದನ್ನು ಕೇಳಿದಾಗಲೆಲ್ಲ ಅರಮನೆಯ ಸುತ್ತಲಿನ ರಸ್ತೆಯಲ್ಲಿ, ಗಾಡಿಗಳ ಗದ್ದಲವಿಲ್ಲದ ಬೆಳಗ್ಗೆ, ಟಾಂಗಾ ಸಾಗುವುದು ನನಗೆ ನೆನಪಾಗುತ್ತದೆ. ಗೊರಸಿನ ನಡೆ ಎಲ್ಲಿ ನಿಂತು ಸಿಂಬಲ್ಲಿನ ತಿಶ್ರ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ಆದಿತಾಳದ ಲೆಕ್ಕಕ್ಕೆ ಅದೇ ತಟ್ಟೆಯ ‘ದೇರ್ ಈಸ್ ನೋ ಗ್ರೇಟರ್ ಲವ್’ ಹೇಳಿ ಮಾಡಿಸಿದಂತಿದೆ.

ಸಿನಿಮಾ ಮತ್ತು ಟೆಲಿವಿಷನ್ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಹೆಸರು ಸಿಗುವುದು ಕಷ್ಟ. ನಮ್ಮ ಆಕಾಶವಾಣಿಯಲ್ಲಿ ಕಛೇರಿ ಮುಗಿದ ಮೇಲೆ ಪಿಟೀಲು ಯಾರು, ಮೃದಂಗ ಯಾರು ಎಂದು ಉದ್ಘೋಷಕರು ಹೇಳುತ್ತಾರೆ. ಹಾಲಿವುಡ್ಡಿನ ಪರದೆಯ ಮೇಲೆ ಸಂಗೀತ ಸಂಯೋಜಕರ ಹೆಸರಷ್ಟೇ ಬಂದು ವಾದಕರೆಲ್ಲ ಹೆಸರಿಲ್ಲದೆ ಉಳಿಯುವುದೇ ಹೆಚ್ಚಾಗಿತ್ತು. 1955ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಚಿತ್ರದಲ್ಲಿ ಫ್ರಾಂಕ್ ಸಿನಾಟ್ರಾ ಡ್ರಮ್ಮರ್‌ನ ಪಾತ್ರ ಮಾಡಿದಾಗ ಅವರಿಗೆ ಡ್ರಮ್ ಹಿಡಿಯುವುದನ್ನು ಕಲಿಸಿದವರು ಮ್ಯಾನ್. ಇಂಥ ದಾಖಲೆಯಿರುವ ಕೆಲಸಗಳನ್ನು ಶಾಯಿಯಲ್ಲಿ ಬರೆಯಿರಿ. ನುಡಿಸಾಣಿಕೆಯಿಂದ ಅವರೇ ಇರಬೇಕೆಂದು ಅನ್ನಿಸಿದವನ್ನು ಪೆನ್ಸಿಲ್‌ನಲ್ಲಿ ಬರೆದು, ಯಾವ ಸದ್ದು ಹಾಗೆ ಅನ್ನಿಸಿತು ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ, ದಾಖಲೆ ಸಿಗುವವರೆಗೆ ಹಾಗೆಯೇ ಬಿಡಿ.