ಕುಯ್ಲಿನ ಸೊಂಟಕ್ಕೆ ಅರ್ಧ ಗಂಟೆ ನಿಧಾನ

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆ ಯಾರನ್ನು ಮಾತಾಡಿಸಿದರೂ ಒಂದೇ ದೂರು: 'ಸೊಂಟ ಹಿಡ್ಕೊಂಡಿದೆ ಕಣ್ರೀ.' ಹಣ್ಣು ಬಿಡಿಸುವವರಿಗೆ ಭುಜ, ಮೂಟೆ ಹೊರುವವರಿಗೆ ಸೊಂಟ, ಲೆಕ್ಕ ಬರೆಯುವ ರೈಟರ್‌ಗೆ ಕುತ್ತಿಗೆ. ಕೆಲಸ ನಿಂತರೂ ಮೈ ಬಿಗಿ ಬಿಡುವುದಿಲ್ಲ. ಯಾಕೆ?

ಮೋಶೆ ಫೆಲ್ಡೆನ್‌ಕ್ರೈಸ್ (1904–1984) ಎಂಬ ಎಂಜಿನಿಯರ್, ಜೂಡೋ ಪಟು ಕೂಡ, ತಮ್ಮ ಮಂಡಿಗೆ ಪೆಟ್ಟಾದ ಮೇಲೆ ತಮ್ಮದೇ ಚಲನೆಯನ್ನು ಗಮನಿಸುತ್ತ ಒಂದು ಪದ್ಧತಿ ಕಟ್ಟಿದರು. ಅವರಲ್ಲಿ ಕಲಿತ ಥಾಮಸ್ ಹ್ಯಾನ್ನಾ ಅಮೆರಿಕದ ಫಿಲಾಸಫಿ ಮೇಷ್ಟ್ರು. ಹ್ಯಾನ್ನಾ ವಾದ ಸರಳ: ಎಷ್ಟೋ ಸಲ ಸ್ನಾಯು ಕೆಟ್ಟಿರುವುದಿಲ್ಲ, ಅದನ್ನು ಸಡಿಲ ಬಿಡುವುದು ಹೇಗೆಂದು ಮಿದುಳಿಗೆ ಮರೆತುಹೋಗಿರುತ್ತದೆ. ಹಾಗಿದ್ದ ಮೇಲೆ ಎಳೆದು ಜಗ್ಗಿ ಏನು ಉಪಯೋಗ? ಬಿಗಿ ಹಿಡಿದಿರುವುದು ನಾನೇ ಅಂತ ಮೊದಲು ನನಗೆ ಗೊತ್ತಾಗಬೇಕು.

ಅದನ್ನು ಗೊತ್ತುಮಾಡಿಕೊಳ್ಳಲು ಅರ್ಧ ಗಂಟೆಯ ನಿಧಾನದ ಅಭ್ಯಾಸ ಇಲ್ಲಿದೆ. ಇದಕ್ಕೆ ಮಂಚ ಬೇಡ. ಮೆತ್ತನೆ ಹಾಸಿಗೆಯಲ್ಲಿ ಮೈಯ ಯಾವ ಭಾಗ ಎಷ್ಟು ಒತ್ತುತ್ತಿದೆ ಅಂತ ತಿಳಿಯುವುದಿಲ್ಲ. ನೆಲದ ಮೇಲೆ ಜಮಖಾನ, ಚಳಿಯಿದ್ದರೆ ಮೇಲೊಂದು ಕಂಬಳಿ ಸಾಕು. ಹೊಟ್ಟೆ ಭಾರ ಇರಬಾರದು. ಫೋನ್ ಬೇರೆ ಕೋಣೆಯಲ್ಲಿರಲಿ.

ಮೊದಲು, ಸುಮ್ನೆ ಮಲಗಿ

ಅಂಗಾತ ಮಲಗಿ, ಕಾಲು ಚಾಚಿ. ಎರಡೂ ಹಿಮ್ಮಡಿ ನೆಲಕ್ಕೆ ಒಂದೇ ಸಮ ಊರಿವೆಯಾ? ಸೊಂಟದ ಕೆಳಗೆ ಅಂಗೈ ತೂರುವಷ್ಟು ಜಾಗ ಇದೆಯಾ? ಯಾವ ಭುಜ ನೆಲ ಬಿಟ್ಟು ಎದ್ದಿದೆ? ಸರಿಮಾಡಲು ಹೋಗಬೇಡಿ. ನೋಡಿಕೊಂಡರೆ ಆಯಿತು.

ಆಮೇಲೆ, ಒಂದೇ ಕಡೆಗೆ

ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಎರಡೂ ಮಂಡಿಯನ್ನು ಬಲಕ್ಕೆ ಒಂದು ಗೇಣಿನಷ್ಟು ವಾಲಿಸಿ, ವಾಪಸ್ ತನ್ನಿ. ಹತ್ತು ಹನ್ನೆರಡು ಸಲ. ಎಡಕ್ಕೆ ಈಗಲೇ ಬೇಡ.

ನಿಜವಾದ ಕೆಲಸ ಇರುವುದು ಇಲ್ಲಿ. ಮಂಡಿ ವಾಲುತ್ತಿದ್ದಂತೆ ಎಡ ಸೊಂಟ ನೆಲದಿಂದ ಏಳುತ್ತದೆ. ಅದರ ಹಿಂದೆ ಪಕ್ಕೆಲುಬೂ ತಿರುಗುತ್ತಿದೆಯಾ, ಇಲ್ಲಾ ಚಲನೆ ಸೊಂಟದಲ್ಲೇ ನಿಂತುಬಿಡುತ್ತಾ? ಉಸಿರು ಯಾವ ಕ್ಷಣದಲ್ಲಿ ಕಟ್ಟಿತು? ನನಗೆ ಸಿಕ್ಕಿಬಿದ್ದದ್ದು ದವಡೆ. ಮಂಡಿ ಆಡಿಸಲು ಹಲ್ಲು ಕಚ್ಚುವುದೇಕೆ ಹೇಳಿ! ಮುಂದಿನ ನಾಲ್ಕೈದು ಸಲ ಅರ್ಧ ಗೇಣು ಮಾತ್ರ. ಆಮೇಲೆ ಅದರಲ್ಲೂ ಅರ್ಧ.

ಕಡಿಮೆ ಮಾಡುವುದಕ್ಕೆ ಕಾರಣ ಇದೆ. ಬೆನ್ನ ಮೇಲೆ 50 ಕೆ.ಜಿ. ಮೂಟೆ ಇರುವಾಗ ಅದಕ್ಕೆ ಇನ್ನೊಂದು ಕಾಫಿ ಹಣ್ಣು ಹಾಕಿದರೆ ಗೊತ್ತಾಗುವುದಿಲ್ಲ. ಬರಿಗೈಯಲ್ಲಿ ಒಂದೇ ಹಣ್ಣಿದ್ದಾಗ ಇನ್ನೊಂದು ಇಟ್ಟರೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಇದನ್ನು 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ವೇಬರ್ ತೂಕಗಳನ್ನಿಟ್ಟು ತೋರಿಸಿದ್ದರು. ಶ್ರಮ ಇಳಿದಷ್ಟೂ ಸಣ್ಣ ವ್ಯತ್ಯಾಸ ತಿಳಿಯುತ್ತದೆ. ಫೆಲ್ಡೆನ್‌ಕ್ರೈಸ್ ಪಾಠಗಳು ಅಷ್ಟು ನಿಧಾನ ಇರುವುದು ಇದಕ್ಕೇ.

ಈಗ ಕಾಲು ಚಾಚಿ ಬಲಮೈ, ಎಡಮೈ ಹೋಲಿಸಿ. ಒಂದು ಕಡೆ ಉದ್ದ ಅಥವಾ ಅಗಲ ಆದಂತೆ ಅನಿಸಬಹುದು. ಏನೂ ಅನಿಸದಿದ್ದರೂ ತೊಂದರೆಯಿಲ್ಲ. ಎಡಕ್ಕೆ ವಾಲಿಸುವ ಮೊದಲು ನಾಲ್ಕೈದು ಸಲ ಮನಸ್ಸಿನಲ್ಲೇ ಮಾಡಿ, ಆಮೇಲೆ ಮೈಯಲ್ಲಿ.

ಕೂತು ಕೇಳಿಕೊಳ್ಳುವುದು

ಪಕ್ಕಕ್ಕೆ ಹೊರಳಿ ಎದ್ದು ಗೋಡೆಗೆ ಒರಗಿ. ಎಕ್ಸ್‌ರೇಯಲ್ಲಿ ಕಾಣುವ ಮೈ ಬೇರೆ, ಒಳಗಿದ್ದು ಬಾಳುವ ಮೈ ಬೇರೆ ಅನ್ನುವುದು ಹ್ಯಾನ್ನಾ ಚಿಂತನೆಯ ತಿರುಳು. ಎರಡನೆಯದನ್ನು ಕೇಳಲು ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಆಗದು. ಭುಜ ಯಾರ ಮುಂದೆ ಜಾಸ್ತಿ ಮೇಲೇರುತ್ತದೆ? ಸಾಹುಕಾರರ ಜೀಪಿನ ಸದ್ದಿಗಾ, ಬ್ಯಾಂಕಿನ ಫೋನಿಗಾ? ಆ ಬಿಗಿ ಬಿಟ್ಟರೆ ಏನೋ ಆಗಿಬಿಡುತ್ತದೆ ಅನ್ನುವ ಭಯ ಇದೆಯಾ? ಒಂದು ದಿನಕ್ಕೆ ಒಂದೇ ಪ್ರಶ್ನೆ. ಉತ್ತರ ಬರಲೇಬೇಕೆಂದು ಕೂರಬೇಡಿ.

ಕೊನೆಗೆ, ನಿಲ್ಲಿ

ಇದು ನಾನು ಸೇರಿಸಿಕೊಂಡದ್ದು, ಫೆಲ್ಡೆನ್‌ಕ್ರೈಸ್‌ಗೂ ಇದಕ್ಕೂ ಸಂಬಂಧವಿಲ್ಲ. ಶ್ರವಣಬೆಳಗೊಳದ ಸುಮಾರು 57 ಅಡಿಯ ಗೊಮ್ಮಟ ನಿಂತಿರುವುದು ಕಾಯೋತ್ಸರ್ಗದಲ್ಲಿ. ಕೈ ಇಳಿಬಿಟ್ಟಿದೆ, ಸೆಟೆದಿಲ್ಲ. ಕಾಲು, ತೋಳಿಗೆ ಬಳ್ಳಿ ಹಬ್ಬಿದರೂ ಅಲುಗಾಟವಿಲ್ಲ. ಜೈನರಿಗೆ ಅದು ದೇಹದ ಮೋಹ ಬಿಡುವ ಸಾಧನೆ. ನಾವು ಅಷ್ಟು ದೂರ ಹೋಗುವವರಲ್ಲ ಬಿಡಿ. ಎರಡು ನಿಮಿಷ ಹಾಗೆ ನಿಂತು, ಭಾರ ಹಿಮ್ಮಡಿಯಿಂದ ಹೆಬ್ಬೆರಳಿಗೆ, ಅಲ್ಲಿಂದ ಹಿಮ್ಮಡಿಗೆ ಹೋಗಿಬರುವುದನ್ನು ಗಮನಿಸಿದರೆ ಸಾಕು. ಅಲುಗದೆ ನಿಂತಿದ್ದೇವೆ ಅಂದುಕೊಂಡರೂ ಮೈ ತೂಗುತ್ತಲೇ ಇರುತ್ತದೆ.

ಇದನ್ನು ಸರ್ವರೋಗಕ್ಕೂ ಮದ್ದು ಅನ್ನುವವರನ್ನು ನಂಬಬೇಡಿ. 2015ರಲ್ಲಿ ಆಸ್ಟ್ರೇಲಿಯಾ ಸರ್ಕಾರ ನಡೆಸಿದ ಪರಿಶೀಲನೆಯಲ್ಲಿ ಫೆಲ್ಡೆನ್‌ಕ್ರೈಸ್ ಪದ್ಧತಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಜಮಖಾನ ಸುತ್ತಿಟ್ಟು ತಕ್ಷಣ ಡಾಕ್ಟರ ಬಳಿ ಹೋಗಿ. ಮೂಳೆ ಮುರಿದು ಕೂಡುತ್ತಿರುವವರು, ಆಪರೇಷನ್ ಆದವರು ಕೇಳದೆ ಶುರುಮಾಡಬೇಡಿ. ಉಳಿದವರು ವಾರಕ್ಕೆ ಮೂರು ಸಂಜೆ ಮಾಡಿ ನೋಡಿ. ಕುಯ್ಲಿನ ಗಡಿಬಿಡಿಯಲ್ಲಿ ಅಷ್ಟೂ ಆಗದಿದ್ದರೆ, ಮೂಟೆ ಎತ್ತುವ ಮೊದಲು ದವಡೆಯನ್ನಾದರೂ ಒಮ್ಮೆ ಸಡಿಲ ಬಿಡಿ.