ಕಂಬಳಿ ಸಿಕ್ಕಿದ

1991ರ ಮಾರ್ಚಿನಲ್ಲಿ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಿಂದ ನಾವು 43 ಮಂದಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತೆವು. 2023ರ ದೀಪಾವಳಿಗೆ ಊರಿಗೆ ಹೋದಾಗ ಎಣಿಸಿ ನೋಡಿದರೆ ನನ್ನ ಮೊಬೈಲಿನಲ್ಲಿ ಅವರ ಪೈಕಿ ಮೂವರ ನಂಬರ್ ಮಾತ್ರ ಇತ್ತು. ಮುಂದಿನ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಆ ಒಂಬತ್ತು ದಿನಗಳಲ್ಲಿ ಬೆಂಗಳೂರು, ಪುಣೆ ಸೇರಿದವರೂ ಊರಿಗೆ ಬರುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ತವರಿಗೆ ಬರುತ್ತಾರೆ. ಎಲ್ಲರನ್ನೂ ಸೇರಿಸುವುದಾದರೆ ಆಗಲೇ.

ಮೊದಲ ಒಂದು ತಿಂಗಳು ಫೇಸ್‌ಬುಕ್‌ನಲ್ಲಿ ಹಾಳಾಯಿತು. ನಮ್ಮ ಕಡೆ ತರಗತಿಯ ಅರ್ಧದಷ್ಟು ಹುಡುಗರು ಹೆಗಡೆ, ಭಟ್ಟ, ನಾಯ್ಕ, ಗೌಡರೇ. ಹೆಗಡೆ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪ್ರೊಫೈಲಿನಲ್ಲಿ ಮುಖದ ಬದಲು ಮಗಳ ಚಿತ್ರವೋ ಗಣಪತಿಯೋ ಇರುತ್ತದೆ. ಒಬ್ಬ ಅಪರಿಚಿತನೊಂದಿಗೆ ಹತ್ತು ದಿನ ಹಳೆಯ ನೆನಪು ಹಂಚಿಕೊಂಡ ಮೇಲೆ, ಅವನು ಓದಿದ್ದು ಹೊನ್ನಾವರದಲ್ಲಿ ಎಂದು ತಿಳಿಯಿತು. ಪಾಪ, ಅವನೂ ಯಾರನ್ನೋ ಹುಡುಕುತ್ತಿದ್ದ.

ನಮ್ಮ ಸೀಮೆಯಲ್ಲಿ ಮನುಷ್ಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಊರಿನಿಂದ ಮತ್ತು ಅಪ್ಪನಿಂದ. ಅದು ಹೊಳೆದ ದಿನ ನೇರ ಶಾಲೆಗೆ ಹೋದೆ. ದಾಖಲಾತಿ ಪುಸ್ತಕದಲ್ಲಿ ಜಾತಿ, ಹುಟ್ಟಿದ ದಿನಾಂಕ ಎಲ್ಲ ಇರುವುದರಿಂದ ಮುಖ್ಯ ಶಿಕ್ಷಕರು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಹಿಡಿದುಕೊಂಡು ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಮಾತ್ರ ಓದಿ ಹೇಳಿದರು. ನಾನು ಬರೆದುಕೊಂಡೆ. ಅರ್ಧ ಗಂಟೆಯ ಕೆಲಸ.

ಆ ಪಟ್ಟಿ ಹಿಡಿದು ಅಡಿಕೆ ವ್ಯಾಪಾರದ ದಿನ ಪೇಟೆಯ ಸೊಸೈಟಿಯ ಅಂಗಳಕ್ಕೆ ಹೋದೆ. ಅಡಿಕೆ ತಂದ ಬೆಳೆಗಾರರು ಟೆಂಡರ್ ಮುಗಿಯುವವರೆಗೆ ಮಾತಿಗೆ ಸಿಗುತ್ತಾರೆ. ಅಪ್ಪನ ಹೆಸರು ಹೇಳಿದರೆ ಸಾಕು, ಮಗ ಎಲ್ಲಿದ್ದಾನೆ, ಮನೆ ಪಾಲಾಯಿತೇ, ಸೊಸೆ ಎಲ್ಲಿಯವಳು ಎಂಬುದೆಲ್ಲ ತಾನಾಗಿ ಬರುತ್ತದೆ. ಎರಡು ಬಾರಿ ಹೋಗಿಬಂದದ್ದರಲ್ಲಿ 19 ಜನರ ಸುಳಿವು ಸಿಕ್ಕಿತು. ತೀರಿಕೊಂಡ ಇಬ್ಬರ ಸುದ್ದಿಯೂ ಅಲ್ಲಿಯೇ ತಿಳಿಯಿತು.

ಹೆಣ್ಣುಮಕ್ಕಳದು ಬೇರೆಯೇ ಕಥೆ. ಮದುವೆಯಾದ ಮೇಲೆ ಕೆಲವರ ಅಡ್ಡಹೆಸರು ಬದಲಾಗಿತ್ತು. ಮೂವರ ಹೆಸರೇ ಬದಲಾಗಿತ್ತು. ನಾನು ಫೋನ್ ಮಾಡಿದಾಗ ಎತ್ತಿದ್ದು ಗಂಡ, ‘ಯಾವ ಕ್ಲಾಸ್‌ಮೇಟು?’ ಎಂಬ ಆ ದನಿ ಕೇಳಿದ ಮೇಲೆ ಆ ಕೆಲಸವನ್ನು ನಮ್ಮ ಜೊತೆ ಓದಿದ, ಈಗ ಅಂಗನವಾಡಿ ಕಾರ್ಯಕರ್ತೆಯಾಗಿರುವ ಗೆಳತಿಗೆ ವಹಿಸಿದೆ. ಅವಳು ಫೋನ್ ಮಾಡಲೇ ಇಲ್ಲ. ತವರುಮನೆಗಳಿಗೆ ಹೋಗಿ ಅಮ್ಮಂದಿರನ್ನು, ಅತ್ತಿಗೆಯರನ್ನು ಕೇಳಿ ಹದಿನೈದು ದಿನದಲ್ಲಿ ಹನ್ನೊಂದು ಮಂದಿಯನ್ನು ಹುಡುಕಿದಳು.

ಮೂವತ್ತು ವರ್ಷಗಳ ನಂತರ ಮಾಡುವ ಮೊದಲ ಫೋನ್ ಬಗ್ಗೆ ಒಂದು ಮಾತು. ‘ಯಾರು ಹೇಳು ನೋಡೋಣ’ ಎಂದು ಶುರುಮಾಡಬಾರದು. ನಾನು ಹಾಗೆ ಮಾಡಿ ಇಬ್ಬರಿಂದ ಬ್ಲಾಕ್ ಮಾಡಿಸಿಕೊಂಡಿದ್ದೇನೆ. ವಿಮೆಯವನೋ ಸಾಲ ಕೇಳುವವನೋ ಎಂದು ಅವರು ಅಂದುಕೊಳ್ಳುವುದು ಸಹಜವೇ. ಆಮೇಲೆ ನಾನು ಹೆಸರು, ಊರು, ಕುಳಿತುಕೊಳ್ಳುತ್ತಿದ್ದ ಬೆಂಚು ಹೇಳಿ, ‘ಹಣದ ವಿಷಯವಲ್ಲ’ ಎಂದು ಸೇರಿಸಿಯೇ ಮುಂದಿನ ಮಾತಾಡುತ್ತಿದ್ದೆ.

ಕೊನೆಗೆ ಉಳಿದವನು ಕಂಬಳಿ. ಮಳೆಗಾಲದಲ್ಲಿ ನಾವೆಲ್ಲ ಕೊಡೆ ಹಿಡಿದು ಬಂದರೆ ಅವನು ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ. ಆ ಹೆಸರು ಅಂಟಿತು, ನಿಜವಾದ ಹೆಸರು ನಮಗೆ ಮರೆತೇ ಹೋಯಿತು. ಪಟ್ಟಿಯಲ್ಲಿ ಗುರುತು ಹತ್ತದ ಒಂದೇ ಹೆಸರು ಉಳಿದಾಗ ಅದು ಅವನದೇ ಎಂದು ತಿಳಿಯಿತು. ಯಲ್ಲಾಪುರದ ಕಡೆ ಒಂದು ಗ್ಯಾರೇಜಿನಲ್ಲಿದ್ದ. ಫೋನಿನಲ್ಲಿ ಸಂತೋಷದಿಂದಲೇ ಮಾತಾಡಿದ. ಆದರೆ ಬರುವುದಿಲ್ಲ ಎಂದ. ‘ನಾನು ಗಣಿತದಲ್ಲಿ ಫೇಲಾದವನು ಮಾರಾಯ. ನಿಮ್ಮ ಬ್ಯಾಚು ಎಂದರೆ ಪಾಸಾದವರದಲ್ಲವೇ?’

ನಾನು ಏನೂ ವಾದಿಸಲಿಲ್ಲ. ಬಸ್ ಹತ್ತಿ ಗ್ಯಾರೇಜಿಗೆ ಹೋದೆ. ಚಹಾ ಕುಡಿದೆವು. ಹೊರಡುವಾಗ, ಆ ವರ್ಷ ನಮ್ಮಲ್ಲಿ ಹದಿನೇಳು ಮಂದಿ ಫೇಲಾಗಿದ್ದರು, ಅವರಲ್ಲಿ ಒಂಬತ್ತು ಜನ ಬರುತ್ತಿದ್ದಾರೆ ಎಂದೆ. ‘ಹದಿನೇಳೇ?’ ಎಂದು ಎರಡು ಬಾರಿ ಕೇಳಿದ.

2024ರ ಮಾರ್ಚ್ 24, ಭಾನುವಾರ, ಜಾತ್ರೆಯ ನಡುವೆ ಶಾಲೆಯಲ್ಲಿ ಸೇರಿದೆವು. ಮರುದಿನದಿಂದಲೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಶಾಲೆ ಪರೀಕ್ಷಾ ಕೇಂದ್ರವಾದ್ದರಿಂದ ಕೊಠಡಿಗಳಿಗೆ ಬೀಗ. ಜಗುಲಿಯ ಮೇಲೆ ಜಮಖಾನ ಹಾಸಿಕೊಂಡು 31 ಜನ ಕುಳಿತೆವು. ಬದುಕಿರುವ ಇಬ್ಬರು ಮೇಷ್ಟರನ್ನು ಕರೆತಂದು ಶಾಲು ಹೊದಿಸಿದೆವು. ಭಾಷಣ ಬೇಡವೆಂದು ಮೊದಲೇ ಠರಾಯಿಸಿದ್ದರೂ ಇಬ್ಬರು ಮಾಡಿದರು.

ಊಟದ ಹೊತ್ತಿಗೆ ಕಂಬಳಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲರೂ ಕೂಗಿದ್ದು ಆ ಹಳೆಯ ಹೆಸರನ್ನೇ. ಕೈತೊಳೆದು ಬಂದವನು ಕಿಟಕಿಯ ಸರಳು ಹಿಡಿದು ಒಳಗೆ ನೋಡುತ್ತ ನಿಂತ. ಡೆಸ್ಕುಗಳ ಮೇಲೆ ನಾಳಿನ ಮಕ್ಕಳ ನೋಂದಣಿ ಸಂಖ್ಯೆಯ ಚೀಟಿ ಅಂಟಿಸಿದ್ದರು. ನಾನೂ ಪಕ್ಕಕ್ಕೆ ಹೋದೆ.

‘ನಿನ್ನ ನಂಬರ್ ಎಷ್ಟಿತ್ತು?’ ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಅವನು ತನ್ನದನ್ನು ಒಂದು ಅಂಕಿಯೂ ತಡವರಿಸದೆ ಹೇಳಿದ.