ಮರುಭೂಮಿಯ ನಕ್ಷೆ: ಮೊದಲು ಗಾಳಿ, ಆಮೇಲೆ ಊರು

ಕಲ್ಪನೆಯ ಮರಳುನಾಡಿಗೆ ನಕ್ಷೆ ಬರೆಯುವಾಗ ಕೋಟೆ, ಊರುಗಳಿಂದ ಶುರು ಮಾಡಬೇಡಿ. ಎ3 ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಬಾಣ ಎಳೆಯಿರಿ: ಗಾಳಿ ಎಲ್ಲಿಂದ ಎಲ್ಲಿಗೆ ಬೀಸುತ್ತದೆ? ಆಂಧ್ರದ ಗಡಿಯಲ್ಲಿರುವ ರಾಯದುರ್ಗ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣೇಕಲ್ಲು, ಬೊಮ್ಮನಹಾಳಿನ ಕಡೆ ಹಗರಿ ಹೊಳೆಯ ಒಣಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂತಿದೆ.

ಮರಳು ಕಡಿಮೆ, ನೆಲ ಗಟ್ಟಿ, ಗಾಳಿ ಒಂದೇ ದಿಕ್ಕಿನದು ಅಂದರೆ ದಿಬ್ಬ ಕುಡುಗೋಲಿನ ಆಕಾರಕ್ಕೆ ಬರುತ್ತದೆ. ಅದರ ಎರಡೂ ಕೋಡು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ. ಗಾಳಿ ನೈಋತ್ಯದಿಂದ ಬಂದರೆ ಕೋಡು ಈಶಾನ್ಯಕ್ಕೆ. ಒಳಬಾಗಿದ ಮಗ್ಗುಲು ಕಡಿದು, ಸುಮಾರು 33 ಡಿಗ್ರಿ. ನೆರಳಿನ ಗೀರು ಅಲ್ಲಿಗೆ ಮಾತ್ರ. ಕೋಡುಗಳು ಮನಬಂದತ್ತ ತಿರುಗಿದರೆ ನಕ್ಷೆ ಎಷ್ಟೇ ಚಂದವಿದ್ದರೂ ಸುಳ್ಳೆನಿಸುತ್ತದೆ.

ಬೆಟ್ಟಸಾಲು ಮಳೆಗಾಳಿಯನ್ನು ತಡೆಯಲಿ, ಮರುಭೂಮಿ ಅದರ ಮರೆಗೆ ಬರಲಿ. ಬೆಟ್ಟದಿಂದ ಇಳಿದ ಹಳ್ಳ ಹೋಗುತ್ತ ಹೋಗುತ್ತ ಸಣ್ಣದಾಗಿ ಉಪ್ಪುನೆಲದಲ್ಲಿ ಇಂಗಿಹೋಗಬೇಕು. ಬತ್ತಿದ ಪಾತ್ರಕ್ಕೆ ತುಂಡುಗೆರೆ ಸಾಕು. ಓಯಸಿಸ್ ತಗ್ಗಿನಲ್ಲೋ ಬೆಟ್ಟದ ಬುಡದಲ್ಲೋ ಇರಲಿ.

ಅಳತೆ 1 ಸೆಂ.ಮೀ.ಗೆ 20 ಕಿ.ಮೀ. ಇಟ್ಟುಕೊಳ್ಳಿ. ಒಂಟೆಸಾಲು ದಿನಕ್ಕೆ 30ರಿಂದ 40 ಕಿ.ಮೀ. ನಡೆಯುತ್ತದೆ, ಅಂದರೆ ನಕ್ಷೆಯಲ್ಲಿ ಹೆಚ್ಚೆಂದರೆ 2 ಸೆಂ.ಮೀ. ನಾಲ್ಕೈದು ದಿನದ ದಾರಿಗೊಂದು ಬಾವಿ ಗುರುತಿಸಿದರೆ ಊರುಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ.

ಹೆಚ್ಚಿನವರು ಎಡವುವುದು ಹೆಸರು ಬರೆಯುವಲ್ಲಿ. ಮರಳಿನ ಚುಕ್ಕೆ ಮೊದಲು ಹಾಕಿ ಹೆಸರನ್ನು ಅದರ ಮೇಲೆ ಬರೆದರೆ ಯಾವುದೂ ಓದಲಾಗದು. ಹೆಸರು ಮೊದಲು, ಸುತ್ತ 2 ಮಿ.ಮೀ. ಬಿಟ್ಟು ಚುಕ್ಕೆ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. 'ಬತ್ತಿದಹಳ್ಳ' ಎಂದು ಹಳ್ಳದ ಗೆರೆಗೆ ತಾಗಿಸಿ ಬರೆದು ನೋಡಿ: ತಕಾರದ ಒತ್ತು, ಳಕಾರದ ಒತ್ತು ಎರಡೂ ನೀರಿಗೆ ಕಾಲು ಇಳಿಬಿಡುತ್ತವೆ. ಅಕ್ಷರ 5 ಮಿ.ಮೀ. ಎತ್ತರವಿದ್ದರೆ ಕೆಳಗೆ 4 ಮಿ.ಮೀ. ಖಾಲಿ ಬಿಡಿ. ಅಕ್ಷರಗಳನ್ನು ದೂರ ದೂರ ಹರಡುವಾಗ ಬ, ತ್ತಿ, ದ, ಹ, ಳ್ಳ ಎಂದೇ ಬಿಡಿಸಬೇಕು. ಒತ್ತು ತನ್ನ ಅಕ್ಷರದ ಕೆಳಗೇ ಇರಬೇಕು. ಕಂಪ್ಯೂಟರಿನಲ್ಲಿ ಬರೆಯುವವರು ಯೂನಿಕೋಡ್ ಫಾಂಟ್ ಬಳಸಿ. ಇಂಕ್‌ಸ್ಕೇಪ್‌ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತವೆ.

ಹೆಸರಿಗೆ ದೂರ ಹೋಗಬೇಕಿಲ್ಲ. ಹಾಳು, ಕಲ್ಲು, ದುರ್ಗ, ಕುಂಟೆ ಎಂಬ ಕೊನೆಗಳು ಒಣನೆಲಕ್ಕೆ ಒಪ್ಪುತ್ತವೆ. ಕಣೇಕಲ್ಲು ದಾಟಿ ಪೂರ್ವಕ್ಕೆ ಹೋದರೆ ಉರವಕೊಂಡ: ಕನ್ನಡದ ಕಲ್ಲು ಹೋಗಿ ತೆಲುಗಿನ ಕೊಂಡ (ಬೆಟ್ಟ) ಬಂತು. ನಿಮ್ಮ ನಾಡಿನ ಎರಡು ನುಡಿಯ ಜನರ ಗಡಿಯನ್ನೂ ಹೀಗೆ ಹೆಸರಿನ ಕೊನೆಯಲ್ಲೇ ತೋರಿಸಬಹುದು, ಗೆರೆ ಎಳೆಯುವುದೇ ಬೇಡ.

ದಿಬ್ಬಕ್ಕೆ 0.1 ಮಿ.ಮೀ. ಪೆನ್ನು, ಊರಿನ ಹೆಸರಿಗೆ 0.5. ಹಳೆಯ ಬಣ್ಣ ಬರಲೆಂದು ಚಹಾ ಬಳಿಯುವುದಾದರೆ ನೀರಿಗೆ ಕರಗದ ಶಾಯಿಯೇ ಬೇಕು. ಬರೆದದ್ದು ಒಂದು ರಾತ್ರಿ ಒಣಗಲಿ. ತೆಳು ಹಾಳೆ ಸುಕ್ಕುಗಟ್ಟುತ್ತದೆ. 200 ಜಿಎಸ್‌ಎಂಗಿಂತ ದಪ್ಪದ್ದು (ಅಂದರೆ ಚದರ ಮೀಟರಿಗೆ 200 ಗ್ರಾಂಗಿಂತ ಹೆಚ್ಚು ತೂಗುವ ಹಾಳೆ) ತಂದು, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಬಳಿಯಿರಿ.